ಬಾಲ್ಕನಿಯ ಬೆತ್ತಲೆ ಮನುಷ್ಯ ಮತ್ತು ಕತ್ತೆಯ ಕಥೆ

ಅಮೂರ್ತ ಚಿತ್ರದ ಮುಂದೆ ನಿಂತವರು ‘ಅರ್ಥವಾಗಲಿಲ್ಲ’ ಎಂದು ಮುನ್ನಡೆಯುವುದು ಸಾಮಾನ್ಯ. ಮನುಷ್ಯರು, ಮನೆಗಳು, ಪ್ರಾಣಿಗಳು ಸ್ಪಷ್ಟವಾಗಿ ಕಾಣುವ ಚಿತ್ರಗಳ ತೊಡಕೇ ಬೇರೆ. ಅಲ್ಲಿ ಪ್ರತಿಯೊಂದೂ ಗುರುತು ಸಿಗುತ್ತದೆ. ಅವೆಲ್ಲ ಒಂದೆಡೆ ಏಕೆ ಸೇರಿವೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಭೂಪೇನ್ ಖಖ್ಖರ್ ಅವರ ‘ಯೂ ಕಾಂಟ್ ಪ್ಲೀಸ್ ಆಲ್’ (1981) ಇದಕ್ಕೆ ಉತ್ತಮ ನಿದರ್ಶನ. ‘ಎಲ್ಲರನ್ನೂ ಮೆಚ್ಚಿಸಲಾಗದು’ ಎಂಬ ಅರ್ಥದ ಶೀರ್ಷಿಕೆಯ ಈ ತೈಲಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಸುಮಾರು 175 ಸೆಂ.ಮೀ. ಉದ್ದಗಲದ ಚೌಕದಲ್ಲಿ ಬೆತ್ತಲೆ ಮನುಷ್ಯನೊಬ್ಬ ಬಾಲ್ಕನಿಯಲ್ಲಿ ನಿಂತು ಹೊರಗೆ ನೋಡುತ್ತಿದ್ದಾನೆ. ಆಚೆಗಿನ ಊರಿನಲ್ಲಿ ಅಪ್ಪ, ಮಗ ಮತ್ತು ಕತ್ತೆಯ ಹಳೆಯ ನೀತಿಕಥೆ ನಡೆಯುತ್ತಿದೆ. ದಾರಿಹೋಕರ ಮಾತು ಕೇಳಿ ಒಮ್ಮೆ ಮಗ, ಒಮ್ಮೆ ಅಪ್ಪ, ಒಮ್ಮೆ ಇಬ್ಬರೂ ಸವಾರಿ ಮಾಡಿ, ಕೊನೆಗೆ ಕತ್ತೆಯನ್ನೇ ಹೊತ್ತು ಅದನ್ನು ಕಳೆದುಕೊಂಡವರ ಕಥೆಯಿದು. ಅದೇ ಪಾತ್ರಗಳು ಒಂದೇ ಚಿತ್ರದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಭಾರತೀಯ ಕಿರುಚಿತ್ರ ಪರಂಪರೆಯಲ್ಲೂ ಇಟಲಿಯ ಸಿಯೆನಾದ ಪ್ರಾಚೀನ ಚಿತ್ರಗಳಲ್ಲೂ ಈ ನಿರೂಪಣಾ ಕ್ರಮವುಂಟು.

ಕತ್ತೆ ಎಂದರೆ ದಡ್ಡತನ ಎಂಬ ನಿಘಂಟಿನ ಅರ್ಥ ಇಲ್ಲಿ ಸಾಲದು. ಪರರ ಮಾತಿಗೆ ಕಿವಿಗೊಟ್ಟು ಕಳೆದುಕೊಳ್ಳುವುದಕ್ಕೆ ಅದು ಸಂಕೇತ. ಬಾಲ್ಕನಿ ಪೂರ್ತಿ ಮನೆಯೂ ಅಲ್ಲ, ಪೂರ್ತಿ ಬೀದಿಯೂ ಅಲ್ಲ; ಖಾಸಗಿ ಬದುಕು ಲೋಕದ ಕಣ್ಣಿಗೆ ಬೀಳುವ ಅಂಚು ಅದು. ಆ ಅಂಚಿನಲ್ಲಿ ನಿಂತವನ ಬೆತ್ತಲೆಯಲ್ಲಿ ವೀರನ ಮೈಕಟ್ಟಿಲ್ಲ, ಮರೆಮಾಚುವ ಆತುರವೂ ಇಲ್ಲ. ಸಂಕೇತಗಳು ಬಿಡಿಬಿಡಿಯಾಗಿ ಹೇಳದಿರುವುದನ್ನು ಅವುಗಳ ಸಂಬಂಧ ಹೇಳುತ್ತದೆ: ಲೋಕಕ್ಕಾಗಿ ಬದುಕಿದವರ ಗತಿಯನ್ನು ಈತ ನೋಡುತ್ತಿದ್ದಾನೆ.

ಕಲಾವಿದನ ಬದುಕು ಈ ಅರ್ಥವನ್ನು ಇನ್ನಷ್ಟು ಗಾಢವಾಗಿಸುತ್ತದೆ. 1934ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಖಖ್ಖರ್ ಚಾರ್ಟರ್ಡ್ ಅಕೌಂಟೆಂಟ್ ಆಗಿ, ಬಳಿಕ ಬರೋಡದಲ್ಲಿ ನೆಲೆಸಿ ಚಿತ್ರಕಾರರಾದರು. ತಾವು ಸಲಿಂಗಕಾಮಿ ಎಂಬುದನ್ನು ಬಹುಕಾಲ ಮುಚ್ಚಿಟ್ಟಿದ್ದ ಅವರು ಅದನ್ನು ಹೊರಗಿಟ್ಟ ಕೃತಿಯಿದು ಎಂದು ವಿಮರ್ಶಕರು ಗುರುತಿಸುತ್ತಾರೆ. ಆಗ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಡಿ ಸಲಿಂಗ ಸಂಬಂಧ ಅಪರಾಧವಾಗಿತ್ತು. ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ ಅದರಿಂದ ಹೊರಗಿರಿಸಿದ್ದು 2018ರಲ್ಲಿ. ಖಖ್ಖರ್ 2003ರಲ್ಲೇ ತೀರಿಕೊಂಡಿದ್ದರು.

ಆದರೆ ಜೀವನಚರಿತ್ರೆಯೊಂದೇ ಚಿತ್ರದ ಬೀಗದ ಕೈಯಲ್ಲ. ಮೊದಲು ಯಾರು ಎಲ್ಲಿ ನಿಂತಿದ್ದಾರೆ, ಯಾರನ್ನು ನೋಡುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಅನಂತರ ಶೀರ್ಷಿಕೆ, ಕೊನೆಗೆ ಕಲಾವಿದನ ಬದುಕು. ಈ ಕ್ರಮದಲ್ಲಿ ನೋಡಿದವರಿಗೆ ಇನ್ನೊಂದು ಸಂಗತಿಯೂ ತಪ್ಪುವುದಿಲ್ಲ. ಬಟ್ಟೆ ಕಳಚಿದ ಆ ಮನುಷ್ಯ ಇನ್ನೂ ಬೀದಿಗಿಳಿದಿಲ್ಲ. ಧೈರ್ಯವೂ ಅಳುಕೂ ಒಟ್ಟಿಗೇ ಇರುವ ಆ ಗಳಿಗೆಯನ್ನು ಚಿತ್ರ ಹಿಡಿದಿಟ್ಟಿದೆ.