ಕರಡಿಯ ಕ್ರೌರ್ಯವೂ ಬೇಟೆಯ ವಿನೋದವೂ

ಮೈಸೂರು ಸೀಮೆಯ ಬೇಟೆಯ ವೃತ್ತಾಂತಗಳನ್ನು ಓದಿದವರಿಗೆ ಕರಡಿಯು ಕಾರಣವಿಲ್ಲದೆ ಮನುಷ್ಯನ ಮೇಲೆ ಬೀಳುವ ಪ್ರಾಣಿಯೆಂದು ತೋರುವುದು ಸಹಜ. ಈ ಅಪಕೀರ್ತಿಯಲ್ಲಿ ಪ್ರಾಣಿಯ ಸ್ವಭಾವಕ್ಕೆ ಸಲ್ಲತಕ್ಕ ಭಾಗವೆಷ್ಟು, ಬಂದೂಕು ಹಿಡಿದು ಅದನ್ನು ಎದುರಿಸಿದ ಮನುಷ್ಯನಿಗೆ ಸಲ್ಲತಕ್ಕ ಭಾಗವೆಷ್ಟು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಕಾಡುಗಳ ಕರಡಿಯನ್ನು 1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ವಿದ್ವಾಂಸನು ಶಾಸ್ತ್ರೀಯವಾಗಿ ವರ್ಣಿಸಿದನು. ಗೆದ್ದಲು, ಇರುವೆ, ಜೇನು, ಹಣ್ಣು ಇವೇ ಇದರ ಮುಖ್ಯ ಆಹಾರ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇದಕ್ಕಿಲ್ಲ. ಆ ಸಂದಿನ ಮೂಲಕ ಗೆದ್ದಲನ್ನು ಸಶಬ್ದವಾಗಿ ಹೀರಿಕೊಳ್ಳುತ್ತದೆ. ಉದ್ದವಾದ ಉಗುರುಗಳು ಹುತ್ತವನ್ನು ಅಗೆಯುವುದಕ್ಕಾಗಿ ಬೆಳೆದವು. ಆದಕಾರಣ ಮನುಷ್ಯನು ಕರಡಿಗೆ ಆಹಾರವಲ್ಲವೆಂಬುದು ಸ್ಪಷ್ಟ.

ಹಾಗಿದ್ದರೆ ಅದು ಮೇಲೆ ಬೀಳುವುದೇಕೆ? ಇದರ ಘ್ರಾಣಶಕ್ತಿ ಬಲವಾದುದು, ದೃಷ್ಟಿ ಮಂದವಾದುದು. ಹುತ್ತವನ್ನು ಅಗೆಯುವುದರಲ್ಲಿ ಮಗ್ನವಾದ ಕರಡಿಗೆ ಸಮೀಪಿಸುವವನ ಹೆಜ್ಜೆಯ ಸದ್ದು ಕೇಳಿಸದಿರಬಹುದು. ಹುಲಿಯೊಡನೆ ಒಂದೇ ಕಾಡಿನಲ್ಲಿ ಬಾಳಿದ ಈ ಪ್ರಾಣಿಗೆ ಓಡಿ ಪಾರಾಗುವುದಕ್ಕಿಂತ ಎದುರುಬಿದ್ದು ಬೆದರಿಸುವುದೇ ಆತ್ಮರಕ್ಷಣೆಯ ಮಾರ್ಗವಾಯಿತೆಂದು ಪ್ರಾಣಿಶಾಸ್ತ್ರಜ್ಞರು ಅಭಿಪ್ರಾಯಪಡುತ್ತಾರೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯಂತೂ ಮತ್ತಷ್ಟು ಉಗ್ರ. ಬಳ್ಳಾರಿ, ಕೊಪ್ಪಳ ಮುಂತಾದ ಕಡೆಗಳ ಕಲ್ಲುಗುಡ್ಡಗಳಲ್ಲಿ ಕರಡಿಯು ಹಗಲು ಗವಿಯಲ್ಲಿದ್ದು ಮುಸ್ಸಂಜೆಗೆ ಹೊರಬೀಳುತ್ತದೆ, ಮುಂಜಾವಿಗೆ ಮರಳುತ್ತದೆ. ಹೊಲಕ್ಕೂ ಬಯಲಿಗೂ ಜನರು ನಡೆಯುವ ವೇಳೆಯೂ ಅದೇ. ಅನಿರೀಕ್ಷಿತವಾದ ಈ ಸಾಮೀಪ್ಯವೇ ಬಹುಪಾಲು ದುರಂತಗಳಿಗೆ ಮೂಲ.

ವಿನೋದದ ಬೇಟೆಯು ಈ ಅಪಾಯವನ್ನು ಹೆಚ್ಚಿಸಿತೇ ಹೊರತು ತಗ್ಗಿಸಲಿಲ್ಲ. ದಟ್ಟವಾದ ಕರಿಯ ಕೂದಲು ಶರೀರದ ಆಕಾರವನ್ನು ಮರೆಸುವುದರಿಂದ ಗುಂಡು ಮರ್ಮಸ್ಥಾನವನ್ನು ತಪ್ಪುವುದುಂಟು. ಗಾಯಗೊಂಡ ಪ್ರಾಣಿ ಪೊದೆಯನ್ನು ಸೇರುತ್ತದೆ. ಬೇಟೆಗಾರನು ಬಂದೂಕಿನೊಡನೆ ಪಟ್ಟಣಕ್ಕೆ ಮರಳುತ್ತಾನೆ. ಮರುದಿನ ಆ ಪೊದೆಯ ಬಳಿ ಹಾಯುವವಳು ಸೌದೆ ಆಯುವ ಹೆಂಗಸು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಅವರು 1957ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅರಸೀಕೆರೆಯ ಸುತ್ತಿನಲ್ಲಿ ಅನೇಕರನ್ನು ಕೊಂದ ಒಂದು ಕರಡಿಯ ಕಥನವನ್ನು ಬರೆದಿದ್ದಾರೆ. ಅದು ಹಿಂದೊಮ್ಮೆ ಮನುಷ್ಯನಿಂದಲೇ ಗಾಯಗೊಂಡು ಹಗೆ ಸಾಧಿಸುತ್ತಿದ್ದಿರಬಹುದೆಂಬ ಅವರ ಊಹೆ ಇಲ್ಲಿ ಗಮನಾರ್ಹವಾದುದು. ಕೊನೆಗೆ ಆ ಕರಡಿಯನ್ನು ಕೊಂದವರು ಅವರೇ ಎಂಬುದನ್ನೂ ಮರೆಯಬಾರದು. ನರಹಂತಕ ಪ್ರಾಣಿಯನ್ನು ನಿವಾರಿಸುವುದು ಬೇರೆ, ವಿನೋದಕ್ಕಾಗಿ ಸುಡುವುದು ಬೇರೆ.

ಈ ಭೇದವನ್ನು ಕಾನೂನೂ ಅಂಗೀಕರಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 1991ರಲ್ಲಿ ಆದ ತಿದ್ದುಪಡಿಯಿಂದ ವಿನೋದದ ಬೇಟೆಯ ಪರವಾನಗಿಗಳು ಕೊನೆಗೊಂಡವು. ಕರಡಿಯು ಮೊದಲನೆಯ ಅನುಸೂಚಿಯಲ್ಲಿದ್ದು, ಮನುಷ್ಯನ ಪ್ರಾಣಕ್ಕೆ ಅಪಾಯವೊದಗಿದಾಗ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆಜ್ಞೆಯ ಮೇರೆಗೆ ಅದನ್ನು ಕೊಲ್ಲಬಹುದು. ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಕೊಂದದ್ದು ಅಪರಾಧವಲ್ಲ. 1994ರಲ್ಲಿ ದರೋಜಿಯ ಕರಡಿಧಾಮವೂ ಸ್ಥಾಪಿತವಾಯಿತು.

ಆದರೆ ಧಾಮದ ಎಲ್ಲೆ ಕರಡಿಗೆ ತಿಳಿಯದು. ಹತ್ತಿರದ ಹೊಲಗಳಿಗೆ ಅದು ಬರುತ್ತಲೇ ಇರುತ್ತದೆ. ಗುಂಪಾಗಿ, ಗಟ್ಟಿಯಾಗಿ ಮಾತನಾಡುತ್ತ ನಡೆಯುವುದು, ನಸುಕಿನಲ್ಲಿ ಗವಿಗಳ ಬಳಿ ಸುಳಿಯದಿರುವುದು, ಮನೆಗೊಂದು ಶೌಚಾಲಯವಿರುವುದು, ಇವು ಬಂದೂಕಿಗಿಂತ ಹೆಚ್ಚು ಜೀವಗಳನ್ನು ಉಳಿಸಬಲ್ಲವು. ಕರಡಿಯ ಭಯವನ್ನು ಅನುಭವಿಸುವವರು ಹಳ್ಳಿಗರು. ಅದರ ಕಥೆಯನ್ನು ಬರೆದವರು ಬಹುಮಟ್ಟಿಗೆ ಬೇಟೆಗಾರರು. ಹಳ್ಳಿಗರ ಅನುಭವವನ್ನು ಕ್ರಮವಾಗಿ ಸಂಗ್ರಹಿಸಿದಲ್ಲಿ ಈ ಪ್ರಾಣಿಯ ನಿಜಸ್ವರೂಪ ನಮಗೆ ಇನ್ನಷ್ಟು ವಿಶದವಾಗುವುದು.