ಒಂದೇ ಕುಲ, ಭಿನ್ನ ಕಾರ್ಯ: ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವಗಳು

ಕಿಣ್ವವೊಂದು ಯಾವ ವಸ್ತುವಿನ ಮೇಲೆ ವರ್ತಿಸಿ ಅದನ್ನು ಮಾರ್ಪಡಿಸುವುದೋ ಆ ವಸ್ತುವನ್ನು ವಿಜ್ಞಾನಿಗಳು ‘ಸಬ್‌ಸ್ಟ್ರೇಟ್’ ಎನ್ನುತ್ತಾರೆ. ಪದಶಃ ಅನುವಾದಿಸಿದರೆ ‘ಅಡಿಯ ಪದರ’ ಎಂದಾಗಿ ಅರ್ಥ ಕೆಡುತ್ತದೆ. ಆದ್ದರಿಂದ ನಾವು ಇಲ್ಲಿ ‘ಕ್ರಿಯಾವಸ್ತು’ ಎಂಬ ಪದವನ್ನು ಬಳಸಿದ್ದೇವೆ. ಕಿಣ್ವವು ಕೆಲವು ಕ್ರಿಯಾವಸ್ತುಗಳನ್ನು ಮಾತ್ರ ಸ್ವೀಕರಿಸುವ ಗುಣವೇ ಕ್ರಿಯಾವಸ್ತು ನಿರ್ದಿಷ್ಟತೆ. ಒಂದೇ ಕುಲದ ಕಿಣ್ವಗಳಲ್ಲಿಯೂ ಈ ಗುಣವು ಭಿನ್ನವಾಗಿರಬಹುದು. ಆ ಭಿನ್ನತೆ ಜೀವನ್ಮರಣದ ಪ್ರಶ್ನೆಯಾಗಬಹುದು. ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗಳು ಇದಕ್ಕೆ ನಿದರ್ಶನ.

ಜೀವಕೋಶವು ಆಮ್ಲಜನಕವನ್ನು ಬಳಸುವಾಗ ಹುಟ್ಟುವ ಪೆರಾಕ್ಸೈಡುಗಳು ಕೋಶದ ಘಟಕಗಳನ್ನು ಕೆಡಿಸಬಲ್ಲವು. ಗ್ಲುಟಾಥಯೋನ್ ಎಂಬ ಸಣ್ಣ ಅಣುವಿನ ನೆರವಿನಿಂದ ಅವುಗಳ ಕೇಡನ್ನು ತಡೆಯುವುದು ಈ ಕುಲದ ಪ್ರಮುಖ ಕಿಣ್ವಗಳ ಕಾರ್ಯ. ಮಾನವನಲ್ಲಿ ಈ ಕುಲದ 8 ಕಿಣ್ವಗಳಿವೆ. ಮೊದಲನೆಯದನ್ನು 1957ರಲ್ಲಿ ಗಾರ್ಡನ್ ಮಿಲ್ಸ್ ಕೆಂಪು ರಕ್ತಕಣಗಳಲ್ಲಿ ಗುರುತಿಸಿದರು. ನಾಲ್ಕನೆಯದೆಂದು ಎಣಿಸಲಾಗುವ ಕಿಣ್ವವನ್ನು 1982ರಲ್ಲಿ ಇಟಲಿಯ ಫುಲ್ವಿಯೋ ಉರ್ಸಿನಿ ಮತ್ತು ಸಂಗಡಿಗರು ಹಂದಿಯ ಯಕೃತ್ತಿನಿಂದ ಬೇರ್ಪಡಿಸಿದರು.

ಇವೆರಡರ ಕ್ರಿಯಾಕೇಂದ್ರದಲ್ಲಿಯೂ ಸೆಲೆನಿಯಂ ಇದೆ. ಕ್ರಿಯೆಯ ರಾಸಾಯನಿಕ ವಿಧಾನವೂ ಒಂದೇ. ವ್ಯತ್ಯಾಸವಿರುವುದು ರಚನೆಯಲ್ಲಿ. ಮೊದಲನೆಯದು ನಾಲ್ಕು ಉಪಘಟಕಗಳು ಕೂಡಿ ಆದುದು. ಹೈಡ್ರೋಜನ್ ಪೆರಾಕ್ಸೈಡ್, ಬಿಡಿಯಾದ ಕೊಬ್ಬಿನಾಮ್ಲಗಳ ಪೆರಾಕ್ಸೈಡ್ ಮುಂತಾದ ಕರಗಿದ ಸಣ್ಣ ಅಣುಗಳು ಅದಕ್ಕೆ ಗ್ರಾಹ್ಯ. ಕೋಶಪೊರೆಯ ಫಾಸ್ಫೋಲಿಪಿಡ್‌ನಲ್ಲಿ ಸೇರಿಕೊಂಡಿರುವ ಪೆರಾಕ್ಸೈಡ್ ಅದಕ್ಕೆ ಎಟುಕದು. ನಾಲ್ಕನೆಯದು ಒಂಟಿ ಘಟಕ. ಮೊದಲನೆಯದರಲ್ಲಿರುವ ಒಂದು ಕುಣಿಕೆಯಾಕಾರದ ಭಾಗ ಇದರಲ್ಲಿಲ್ಲ. ಹೀಗಾಗಿ ಕ್ರಿಯಾಕೇಂದ್ರವು ಹೊರಮೈಯಲ್ಲಿ ತೆರೆದಿದ್ದು, ಸಣ್ಣ ಪೆರಾಕ್ಸೈಡುಗಳನ್ನಲ್ಲದೆ ಪೊರೆಯಲ್ಲಿರುವ ದೊಡ್ಡ ಅಣುಗಳನ್ನೂ ನೇರವಾಗಿ ಸರಿಪಡಿಸುತ್ತದೆ. ಒಂದೇ ಮೂಲದ ಓಲೆಗರಿ ಪ್ರತಿಗಳಲ್ಲಿ ಒಂದು ಸಾಲು ಬಿಟ್ಟುಹೋದರೆ ಅರ್ಥವೇ ಬೇರೆಯಾಗುವುದನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಈ ಭಿನ್ನತೆಯ ಫಲವೇನು? ಮೊದಲನೆಯ ಕಿಣ್ವವಿಲ್ಲದ ಇಲಿಗಳು ಸಾಮಾನ್ಯ ಸ್ಥಿತಿಯಲ್ಲಿ ಆರೋಗ್ಯವಾಗಿಯೇ ಬೆಳೆಯುತ್ತವೆಂದು 1997ರಲ್ಲಿ ತಿಳಿದುಬಂತು. ನಾಲ್ಕನೆಯದಿಲ್ಲದ ಇಲಿಗಳಾದರೋ ಭ್ರೂಣಾವಸ್ಥೆಯಲ್ಲಿಯೇ ಸಾಯುತ್ತವೆಂದು 2003ರಲ್ಲಿ ವರದಿಯಾಯಿತು. ಪೊರೆಯ ಕೊಬ್ಬು ಕಬ್ಬಿಣದ ಪ್ರಭಾವದಿಂದ ಉತ್ಕರ್ಷಣಗೊಂಡು ಕೋಶವು ಸಾಯುವ ಬಗೆಗೆ 2012ರಲ್ಲಿ ‘ಫೆರಾಪ್ಟೋಸಿಸ್’ ಎಂಬ ಹೆಸರು ಬಂತು. ಅದನ್ನು ತಡೆಯುವ ಪ್ರಧಾನ ಕಾವಲು ಈ ನಾಲ್ಕನೆಯ ಕಿಣ್ವವೇ ಎಂಬುದು 2014ರಲ್ಲಿ ಸ್ಪಷ್ಟವಾಯಿತು.

‘ಉತ್ಕರ್ಷಣ ನಿರೋಧಕ’ ಎಂಬ ಒಂದೇ ಹೆಸರಿನಡಿಯಲ್ಲಿ ಇವೆಲ್ಲವನ್ನೂ ಸಮಾನವೆಂದು ಎಣಿಸುವುದು ಸರಿಯಲ್ಲ. ಕುಲನಾಮವು ಬಂಧುತ್ವವನ್ನು ಸೂಚಿಸುತ್ತದೆ. ಕಾರ್ಯವನ್ನು ತಿಳಿಯಬೇಕಾದರೆ ಕಿಣ್ವವು ಯಾವುದನ್ನು ಸ್ವೀಕರಿಸುತ್ತದೆ ಎಂಬುದನ್ನೇ ಕೇಳಬೇಕು.