ಯಕೃತ್ತಿನ ಅರ್ಬುದ ಮತ್ತು ನೆತ್ತರಿನ ಕಾವಲುಗಾರರು

ನಮ್ಮ ನೆತ್ತರಿನಲ್ಲಿ ಕೆಂಪು ಕಣಗಳ ಜತೆಗೆ ಬಿಳಿಯ ಕಣಗಳೂ ಇರುವುವೆಂಬುದನ್ನು ಪ್ರೌಢಶಾಲೆಯಲ್ಲಿ ನಾವೆಲ್ಲರೂ ಓದಿದ್ದೇವೆ. ಇವುಗಳಲ್ಲಿ ‘ಟಿ’ ಕೋಶಗಳೆಂಬ ಒಂದು ಜಾತಿಯಿದೆ. ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಲ್ಲಿ ಬಲಿತು ಬರುವುದರಿಂದ ಅವಕ್ಕೆ ಆ ಹೆಸರು. ಹಿಂದೆ ಊರ ತಳವಾರನು ಅಪರಿಚಿತರ ಮುಖ ನೋಡುತ್ತ ತಿರುಗುತ್ತಿದ್ದಂತೆ ಇವು ಮೈಯೆಲ್ಲ ಸುತ್ತಿ, ವೈರಾಣು ಹೊಕ್ಕ ಕೋಶವನ್ನು ಗುರುತಿಸಿ ಕೊಲ್ಲುತ್ತವೆ. ಆದರೆ ಅರ್ಬುದದ ಕೋಶ ಹೊರಗಿನದಲ್ಲ. ನಮ್ಮದೇ ಮನೆಯಲ್ಲಿ ಹುಟ್ಟಿ ದಾರಿ ತಪ್ಪಿದ್ದು. ಮನೆಯವನೆಂದೇ ಕಾವಲುಗಾರನು ಅದನ್ನು ಬಿಟ್ಟುಬಿಡುವುದುಂಟು.

ಅವನಿಗೆ ಕಳ್ಳನ ಗುರುತು ಕಲಿಸಿಕೊಡುವ ವಿದ್ಯೆಯೇ ‘ಕಾರ್-ಟಿ’ ಚಿಕಿತ್ಸೆ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ಅಪಾಯ ಕಳೆದ ವೈರಾಣುವಿನ ಮೂಲಕ ಹೊಸ ಜೀನೊಂದನ್ನು ಅವುಗಳೊಳಗೆ ಸೇರಿಸುತ್ತಾರೆ. ಆಗ ರೋಗಕೋಶದ ಗುರುತಿಗೆ ಸಿಕ್ಕಿಕೊಳ್ಳುವ ಕೊಕ್ಕೆಯಂತಹದೊಂದು ಅವುಗಳ ಮೈಮೇಲೆ ಮೂಡುತ್ತದೆ. ಅವನ್ನು ಕೋಟಿಗಟ್ಟಲೆ ಬೆಳೆಸಿ ಅದೇ ರೋಗಿಗೆ ಮರಳಿ ಕೊಡುತ್ತಾರೆ. ಮುಂಬಯಿಯ ಐ.ಐ.ಟಿ. ಹಾಗೂ ಟಾಟಾ ಸ್ಮಾರಕ ಆಸ್ಪತ್ರೆಯವರ ದುಡಿಮೆಯಿಂದ ರೂಪುಗೊಂಡ ಇಂತಹ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಇನ್ನೊಂದನ್ನು ಹೊರತಂದಿತು. ಎರಡೂ ರಕ್ತಸಂಬಂಧವಾದ ಅರ್ಬುದಗಳಿಗೆ. ಖರ್ಚು ಲಕ್ಷಗಳ ಲೆಕ್ಕದಲ್ಲಿ.

ಯಕೃತ್ತಿನ ಮಾತು ಬೇರೆ. ರಕ್ತದಲ್ಲಿ ಕಳ್ಳರು ಬಯಲಲ್ಲಿ ತಿರುಗುತ್ತಾರೆ. ಇಲ್ಲಿ ಗಡ್ಡೆಯೆಂಬ ಕೋಟೆ ಕಟ್ಟಿಕೊಂಡು, ಹೊಕ್ಕ ಕಾವಲುಗಾರನ ಕಸುವನ್ನೇ ಇಳಿಸುತ್ತಾರೆ. ಇನ್ನೊಂದು ಸಂಗತಿ ನನಗೆ ಬಹಳ ಸೋಜಿಗವೆನಿಸಿತು. ಉಂಡ ಅನ್ನದ ಸಾರ ಹೊತ್ತ ರಕ್ತ ಕರುಳಿನಿಂದ ಮೊದಲು ಯಕೃತ್ತಿಗೇ ಬರುತ್ತದೆ. ಅದರಲ್ಲಿ ಹೊರಗಿನ ಪದಾರ್ಥ ಬೇಕಾದಷ್ಟು. ಕಂಡದ್ದಕ್ಕೆಲ್ಲ ಜಗಳ ತೆಗೆದರೆ ಬಾಳುವೆ ನಡೆಯದೆಂದೋ ಏನೋ, ಈ ಅಂಗ ಸೈರಣೆಯ ಸ್ವಭಾವದ್ದು. ಆ ಸೈರಣೆ ಅರ್ಬುದಕ್ಕೂ ಆಸರೆಯಾಗುತ್ತದೆ.

ಆದರೂ ಒಂದು ಗುರುತು ಸಿಕ್ಕಿದೆ. ಗ್ಲಿಪಿಕನ್-3 ಎಂಬ ಪ್ರೋಟೀನು ಗರ್ಭದ ಶಿಶುವಿನ ಯಕೃತ್ತಿನಲ್ಲಿದ್ದು, ಬೆಳೆದವರ ಆರೋಗ್ಯವಂತ ಯಕೃತ್ತಿನಲ್ಲಿ ಬಹುಮಟ್ಟಿಗೆ ಕಾಣದು. ಅರ್ಬುದವಾದಾಗ ಹೆಚ್ಚಿನವರಲ್ಲಿ ಮತ್ತೆ ತಲೆಯೆತ್ತುತ್ತದೆ. ಅದನ್ನು ಗುರಿಮಾಡಿ ಚೀನದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 13 ರೋಗಿಗಳ ಪೈಕಿ 2 ಜನರ ಗಡ್ಡೆ ಗಮನಾರ್ಹವಾಗಿ ಕುಗ್ಗಿತು. ಹದಿಮೂರರಲ್ಲಿ ಎರಡು! ಪತ್ರಿಕೆಗಳ ತಲೆಬರಹಕ್ಕಿಂತ ಈ ಅಂಕಿಯನ್ನೇ ನಾನು ಹೆಚ್ಚು ನೆಚ್ಚುತ್ತೇನೆ.

ಕಲಾವಿಭಾಗದವನಿಗೆ ಈ ಗೊಡವೆ ಏಕೆಂದು ಮಿತ್ರರು ಕೇಳಿದ್ದುಂಟು. ನನ್ನ ಸೋದರಮಾವ ಇದೇ ರೋಗದಿಂದ ತೀರಿಕೊಂಡರು. “ಕದ್ದು ಕುಡೀತಿದ್ನೋ ಏನೊ, ಇಲ್ಲಾಂದ್ರ ಲಿವರ್ ಹ್ಯಾಂಗ ಕೆಡತಿತ್ತು?” ಎಂದು ಊರವರು ಆಡಿಕೊಂಡರು. ಅವರು ಸೆರೆ ಮುಟ್ಟಿದವರಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಅವರ ರಕ್ತದಲ್ಲಿ ಹೆಪಟೈಟಿಸ್-ಬಿ ವೈರಾಣು ಕಂಡುಬಂದಿತ್ತು. ಹೆರಿಗೆಯಲ್ಲಿ ತಾಯಿಯಿಂದಲೋ ಶುಚಿಯಿಲ್ಲದ ಸೂಜಿಯಿಂದಲೋ ಬರಬಹುದಾದ ಈ ಸೋಂಕು ಹತ್ತಾರು ವರ್ಷ ಸದ್ದಿಲ್ಲದೆ ಇದ್ದು ಅರ್ಬುದಕ್ಕೆ ಎಡೆಮಾಡಬಲ್ಲದು. ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಅದರೊಡನೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಸತ್ತವರ ನಡತೆಯನ್ನು ಸಂಶಯಿಸುವುದಕ್ಕೆ ಇದನ್ನೆಲ್ಲ ತಿಳಿಯಬೇಕಾಗಿಲ್ಲ, ನೋಡಿ.

ಈ ವೈರಾಣುವಿಗೆ ಲಸಿಕೆಯಿದೆ. ಅದೂ ಕಾವಲುಪಡೆಗೆ ಕಳ್ಳನ ಗುರುತು ಹೇಳಿಕೊಡುವ ಕೆಲಸವೇ, ಆದರೆ ಕಳ್ಳ ಬರುವ ಮೊದಲು. ತೈವಾನಿನಲ್ಲಿ 1984ರಿಂದ ಶಿಶುಗಳಿಗೆ ಹಾಕತೊಡಗಿದ ಮೇಲೆ ಮಕ್ಕಳಲ್ಲಿ ಯಕೃತ್ತಿನ ಅರ್ಬುದ ಇಳಿಯಿತು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 2002ರಲ್ಲಿ ಕೆಲವೆಡೆ ಆರಂಭವಾಗಿ, ದೇಶಕ್ಕೆಲ್ಲ ಹರಡುವಾಗ 2011 ಬಂದಿತ್ತು. ಅದರ ನಡುವೆ ಹುಟ್ಟಿದ ಅಂತಿಮ ವರ್ಷದ ನಮ್ಮಲ್ಲಿ ಯಾರಿಗೆ ಹಾಕಿಸಿದೆ, ಯಾರಿಗಿಲ್ಲವೆಂಬುದು ಹೆತ್ತವರಿಗೂ ನೆನಪಿರಲಿಕ್ಕಿಲ್ಲ. ರಕ್ತಪರೀಕ್ಷೆ ದೊಡ್ಡ ಕೆಲಸವಲ್ಲ. ಲಸಿಕೆ ಆರು ತಿಂಗಳಲ್ಲಿ ಮೂರು ಸಲ. ನನ್ನದು ಎರಡು ಮುಗಿದಿವೆ.